ಚಂದ್ರಮತಿ ಅತ್ತೆಯ ಹೊತ್ತು

ಚಂದ್ರಮತಿ ಅತ್ತೆ ಸಂಜೆ ಗಡಿಯಾರ ನೋಡುತ್ತಿರಲಿಲ್ಲ, ಅಂಗೈ ನೋಡಿಕೊಳ್ಳುತ್ತಿದ್ದರು. ಹೊಸನಗರದ ನಮ್ಮ ಮನೆಯ ಹಿಂಬಾಗಿಲ ಮೆಟ್ಟಿಲಿಗೆ ಬಂದು, ಬಲಗೈಯನ್ನು ಮುಖದಿಂದ ಒಂದು ಗೇಣು ದೂರ ಹಿಡಿದು, ಗೆರೆಗಳು ಕಾಣುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದರು. ಕಂಡರೆ ಊಟ. ಕಾಣದಿದ್ದರೆ ಅವತ್ತಿನ ಮಟ್ಟಿಗೆ ಎಲ್ಲ ಮುಗಿಯಿತು. ಮರುದಿನ ಬೆಳಗ್ಗೆ ಅದೇ ಮೆಟ್ಟಿಲ ಮೇಲೆ ಅದೇ ಗೆರೆಗಳು ಮತ್ತೆ ಕಾಣುವವರೆಗೆ ಅವರು ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ.

ಹೊತ್ತು ಮುಳುಗಿದ ಮೇಲೆ ಉಣ್ಣದವರು ಜೈನರ ಮನೆಗಳಲ್ಲಿ ಈಗಲೂ ಇದ್ದಾರೆ. ನನ್ನ ಅಪ್ಪ ಚಾತುರ್ಮಾಸದ ನಾಲ್ಕು ತಿಂಗಳು ಮಾತ್ರ ಪಾಲಿಸುತ್ತಿದ್ದರು. ತೀರ್ಥಹಳ್ಳಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ಅದನ್ನೂ ಬಿಟ್ಟೆ. ಅತ್ತೆ ಹತ್ತನೆಯ ವಯಸ್ಸಿನಿಂದ ಒಂದು ದಿನವೂ ತಪ್ಪಿದವರಲ್ಲ. ನಮ್ಮ ಕಡೆಯ ಆಷಾಢದಲ್ಲಿ ಸಂಜೆ ಎಂಬುದು ಬೇಗ ಬರುತ್ತದೆ. ಮೋಡ ಕವಿಯುವ ಲಕ್ಷಣ ಕಂಡರೆ ಅವರು ಮೂರೂವರೆಗೇ ತಟ್ಟೆ ಹಾಕಿಕೊಂಡು ಕೂರುತ್ತಿದ್ದರು. ಮಧ್ಯಾಹ್ನದ ಊಟವೇ ಇನ್ನೂ ಅರಗಿರಲಿಕ್ಕಿಲ್ಲವಲ್ಲ ಎಂದು ನಾನೊಮ್ಮೆ ನಕ್ಕಿದ್ದಕ್ಕೆ, "ಹೊಟ್ಟೆ ನಂದು, ಹೊತ್ತು ಅವಂದು ಮಾರಾಯ್ತಿ. ನನ್ ಹೊಟ್ಟೆ ಕೇಳ್ಕೊಂಡು ಅವ ಮುಳುಗ್ತಾನಾ?" ಎಂದಿದ್ದರು.

ಅವರು ನನ್ನ ಅಪ್ಪನ ಅಕ್ಕ. ತೀರ್ಥಹಳ್ಳಿಗೆ ಮದುವೆಯಾಗಿ ಹೋಗಿದ್ದರು. ನಾಲ್ಕು ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದುಕೊಂಡು ತಮ್ಮನ ಮನೆಗೆ ಬಂದರು. ನನಗೆ ಆರು ವರ್ಷವಾದಾಗ ನನ್ನ ಅಮ್ಮ ತೀರಿಹೋದರು. ಆಮೇಲೆ ನನ್ನ ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದು, ಮಗ್ಗಿ ತಪ್ಪಿದಾಗ ಕಿವಿ ಹಿಂಡಿದ್ದು ಎಲ್ಲವೂ ಅತ್ತೆಯೇ. ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದರು. ಆಲೂಗಡ್ಡೆ, ಈರುಳ್ಳಿ ಅವರ ಅಡುಗೆಗೆ ಬರುತ್ತಿರಲಿಲ್ಲ. ಆದರೆ ನಾನು ಸ್ನೇಹಿತೆಯ ಮನೆಯಲ್ಲಿ ಬೋಂಡ ತಿಂದು ಬಂದರೆ ಮೂತಿ ನೋಡಿಯೇ ಕಂಡುಹಿಡಿದು, ಬೈಯುವ ಬದಲು ರುಚಿ ಹೇಗಿತ್ತು ಎಂದು ಕೇಳುತ್ತಿದ್ದರು. ತಮ್ಮ ನಿಯಮವನ್ನು ಅವರು ಯಾರ ಮೇಲೂ ಹೇರಿದ್ದನ್ನು ನಾನು ನೋಡಿಲ್ಲ.

ಒಮ್ಮೆ ಸಾಗರದಲ್ಲಿ ಮದುವೆ ಮುಗಿಸಿ ವಾಪಸು ಬರುವಾಗ ದಿಬ್ಬಣದ ಬಸ್ಸು ಕೆಟ್ಟು ನಿಂತಿತು. ಬುತ್ತಿ ಬಿಚ್ಚುವಷ್ಟರಲ್ಲಿ ಹೊತ್ತು ಮುಳುಗಿತ್ತು. ಬಸ್ಸಿನ ದೀಪದ ಬೆಳಕಿನಲ್ಲಿ ನಲವತ್ತು ಜನ ಪುಳಿಯೋಗರೆ ತಿಂದರು. ಅತ್ತೆ ತಮ್ಮ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು ಎಲ್ಲರಿಗೂ ನೀರು ಕೊಡುತ್ತ ಓಡಾಡಿದರು. ಮದುಮಗನ ಸೋದರಮಾವನಿಗೆ ಸಂಕೋಚವಾಗಿ, ದಾರಿಯಲ್ಲಿ ಆದದ್ದಕ್ಕೆ ದೋಷವಿಲ್ಲ, ಒಂದು ತುತ್ತು ತಿನ್ನಿ ಎಂದು ಬೇಡಿಕೊಂಡರು. "ನೀವು ಇವತ್ತಿಂದು ತಿನ್ನಿ, ನಾನು ನಾಳೆದು ತಿಂತೀನಿ. ಪುಳಿಯೋಗರೆ ಓಡಿ ಹೋಗ್ತದಾ?" ಎಂದು ಅತ್ತೆ ನಗಿಸಿಬಿಟ್ಟರು.

ಈ ನಿಯಮ ಅವರಿಗೆ ಏನಾಗಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ತುಮರಿ ಕಡೆಯ ನೆಂಟರ ಮನೆಗೆ ಇಬ್ಬರೂ ಹೊರಟಿದ್ದೆವು. ಲಾಂಚು ಶರಾವತಿಯ ಹಿನ್ನೀರಿನ ನಡುವೆ ಬಂದಾಗ ಅತ್ತೆ ಬಲಗಡೆಗೆ ಕೈ ತೋರಿಸಿ, ನಮ್ಮೂರು ಆ ಕಡೆ ಎಲ್ಲೋ ಅಡಿಯಲ್ಲಿದೆ ಎಂದರು. ಅಣೆಕಟ್ಟು ಕಟ್ಟಿ ಊರು ಬಿಡುವಾಗ ಅವರಿಗೆ ಹತ್ತು ವರ್ಷ. ಬಸದಿಯ ವಿಗ್ರಹವನ್ನು ಸಾಗಿಸುವ ಹಿಂದಿನ ದಿನ ಅವರ ಅಜ್ಜಿ ಮಕ್ಕಳನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿ, ಇನ್ನು ಇಲ್ಲಿಗೆ ಬರುವುದಿಲ್ಲ, ಒಬ್ಬೊಬ್ಬರೂ ಏನಾದರೂ ಒಂದು ನಿಯಮ ತೆಗೆದುಕೊಳ್ಳಿ ಎಂದರಂತೆ. ನನ್ನ ಅಪ್ಪ ಬೆಲ್ಲ ಬಿಡುತ್ತೇನೆಂದು ಹೇಳಿ ಎರಡೇ ದಿನಕ್ಕೆ ತಿಂದರಂತೆ. ಅತ್ತೆ ರಾತ್ರಿ ಊಟ ಬಿಟ್ಟರು.

"ಸಾಮಾನು ಲಾರಿಗೆ ಹಾಕಿದ್ರು. ದಾರೀಲಿ ಕೆಲವು ಒಡೀತು, ಕೆಲವು ಬಾಡಿಗೆ ಮನೆ ಬದಲಾಯಿಸೋದ್ರಲ್ಲಿ ಹೋಯ್ತು. ಅಲ್ಲಿಂದ ತಂದಿದ್ರಲ್ಲಿ ಹಾಗೇ ಉಳ್ದಿರೋದು ಇದೊಂದೇ ನೋಡು," ಎಂದರು. ಆಮೇಲೆ ಪಕ್ಕದಲ್ಲಿ ಕೋಳಿ ಹಿಡಿದುಕೊಂಡು ಕೂತಿದ್ದ ಹೆಂಗಸಿನ ಹತ್ತಿರ ಆಕೆಯ ಮಗಳ ಬಾಣಂತನದ ವಿಷಯ ಮಾತಾಡತೊಡಗಿದರು.

ಇನ್ನು ಆಸ್ಪತ್ರೆಯ ವಿಷಯ. ಇದನ್ನು ಆದ ಹಾಗೆಯೇ ಬರೆಯಬೇಕು.

ಕಳೆದ ವರ್ಷ ಬಚ್ಚಲಿನಲ್ಲಿ ಜಾರಿ ಬಿದ್ದು ಅತ್ತೆಯ ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಮೇಲೆ ನಂಜಾಗಿ ಅವರನ್ನು ಒಳಗಿನ ವಾರ್ಡಿನಲ್ಲಿ ಇಟ್ಟರು. ಅಲ್ಲಿ ಕಿಟಕಿ ಇರಲಿಲ್ಲ. ಟ್ಯೂಬ್‌ಲೈಟು ಯಾವಾಗಲೂ ಉರಿಯುತ್ತಿತ್ತು. ಅತ್ತೆಗೆ ಬೆಳಗು ಯಾವುದು, ಬೈಗು ಯಾವುದು ಎಂದು ತಿಳಿಯುತ್ತಿರಲಿಲ್ಲ. ಕಣ್ಣು ತೆರೆದಾಗಲೆಲ್ಲ "ಹೊತ್ತಿದ್ಯಾ?" ಎಂದು ಕೇಳುತ್ತಿದ್ದರು. ಇದ್ದರೆ ಇದೆ ಎನ್ನುತ್ತಿದ್ದೆ, ಇಲ್ಲದಿದ್ದರೆ ಇಲ್ಲ. ಇಲ್ಲ ಎಂದಾಗ ಅವರು ತುಟಿ ಮುಚ್ಚಿಕೊಳ್ಳುತ್ತಿದ್ದರು. ಹಗಲಿನಲ್ಲಿ ಹೆಚ್ಚಿನ ಸಮಯ ಔಷಧದ ಮಂಪರಿನಲ್ಲಿ ಇರುತ್ತಿದ್ದರು. ಎಚ್ಚರವಾಗುತ್ತಿದ್ದುದು ಸಂಜೆ, ಊಟದ ಗಾಡಿ ಬರುವ ಹೊತ್ತಿಗೆ. ಅದು ಬರುತ್ತಿದ್ದುದು ಏಳು ಗಂಟೆಯ ಮೇಲೆ.

ಮೂರನೆಯ ದಿನ ಡಾಕ್ಟರು ನನ್ನನ್ನು ಹೊರಗೆ ಕರೆದು, ಮೂಗಿಗೆ ನಳಿಕೆ ಹಾಕಿದರೆ ಕಿತ್ತುಕೊಳ್ಳುತ್ತಾರೆ, ಬಾಯಿಗೆ ಏನಾದರೂ ಹೋಗದಿದ್ದರೆ ಕಷ್ಟ ಎಂದರು. ಅವರು ಒರಟಾಗಿ ಹೇಳಲಿಲ್ಲ. ನಾನು ಒಳಗೆ ಬಂದೆ. ಗೋಡೆಯ ಗಡಿಯಾರದಲ್ಲಿ ಏಳೂ ಕಾಲು. ಅತ್ತೆ ಎಚ್ಚರವಾಗಿದ್ದರು.

"ಹೊತ್ತಿದ್ಯಾ?"

"ಇದೆ ಅತ್ತೆ. ಈಗ ನಾಲ್ಕು ಗಂಟೆ."

ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಸೂಜಿ ಚುಚ್ಚಿರದ ಬಲಗೈಯನ್ನು ಕಷ್ಟಪಟ್ಟು ಎತ್ತಿದರು. ಆ ಕೈಯನ್ನು ನಾನೇ ಹಿಡಿದು ಟ್ಯೂಬ್‌ಲೈಟಿನ ಕಡೆಗೆ ತಿರುಗಿಸಿದೆ. ಆ ಬೆಳಕಿನಲ್ಲಿ ಗೆರೆಗಳು ಹಗಲಿಗಿಂತ ಸ್ಪಷ್ಟವಾಗಿ ಕಂಡವು. ಅತ್ತೆ ತಲೆಯಾಡಿಸಿದರು. ಒಂದು ಬಟ್ಟಲು ಗಂಜಿ ಕುಡಿದರು.

ಮರುದಿನ ಸ್ವಲ್ಪ ಚೇತರಿಸಿಕೊಂಡಿದ್ದರು. ಡಾಕ್ಟರು ನನ್ನ ಬೆನ್ನು ತಟ್ಟಿದರು. ಅವತ್ತು ಸಂಜೆಯೂ ನಾಲ್ಕು ಗಂಟೆ ಎಂದೆ. ಅದರ ಮರುದಿನವೂ. ಹೀಗೆ ಒಂಬತ್ತು ಸಂಜೆ. ಕೊನೆಕೊನೆಗೆ ಅವರು ಅಂಗೈ ನೋಡುವುದನ್ನು ಬಿಟ್ಟು ನನ್ನ ಮಾತನ್ನೇ ನಂಬುತ್ತಿದ್ದರು. "ನಾಲ್ಕು ಗಂಟೆಗೇ ಊಟ ಕೊಡ್ತಾರಲ್ಲ, ಈ ಆಸ್ಪತ್ರೆಯವ್ರು ನಮ್ಮೋರೇ ಇರ್ಬೇಕು," ಎಂದು ಒಮ್ಮೆ ತಮಾಷೆ ಮಾಡಿದರು. ನಾನೂ ನಕ್ಕೆ.

ಒಂಬತ್ತು ಸಂಜೆ ಕಳೆದ ಮರುದಿನ ಅವರನ್ನು ಹೊರಗಿನ ವಾರ್ಡಿಗೆ ತಂದರು. ಅಲ್ಲಿ ದೊಡ್ಡ ಕಿಟಕಿ ಇತ್ತು. ಅದು ನನಗೆ ಸಂತೋಷದ ವಿಷಯವೆಂದೇ ತೋರಿತ್ತು. ಇನ್ನು ಹೊತ್ತಿರುವಾಗಲೇ ಉಣಿಸಬಹುದು, ಸುಳ್ಳು ಹೇಳಬೇಕಾಗಿಲ್ಲ ಎಂದುಕೊಂಡೆ. ಐದು ಗಂಟೆಗೆ ಹಾಲು, ಬಾಳೆಹಣ್ಣು ಕೊಟ್ಟೆ. ಅಂಗೈ ನೋಡಿಕೊಂಡೇ ತಿಂದರು. ಹೊರಗೆ ಕತ್ತಲಾಯಿತು. ಅತ್ತೆ ಅದನ್ನು ನೋಡುತ್ತ ಮಲಗಿದ್ದರು. ಆಗ ಓಣಿಯ ಆ ತುದಿಯಿಂದ ಊಟದ ಗಾಡಿ ಬರುವ ಸದ್ದು ಕೇಳಿತು. ಅದರ ಒಂದು ಚಕ್ರ ಸವೆದಿತ್ತು, ಸುತ್ತಿಗೊಮ್ಮೆ ಕೀರ್ ಎನ್ನುತ್ತಿತ್ತು. ಒಳಗಿನ ವಾರ್ಡಿಗೆ ಬರುತ್ತಿದ್ದುದೂ ಅದೇ ಗಾಡಿ. ಈ ಸದ್ದಿನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

ಅತ್ತೆ ಕಿಟಕಿ ನೋಡಿದರು, ಬಾಗಿಲು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಲ್ಲೂ ಇದು ಈ ಹೊತ್ತಿಗೇ ಬರ್ತಿತ್ತಾ?"

ಹೌದು ಎಂದೆ.

"ಎಷ್ಟು ದಿನ?"

"ಒಂಬತ್ತು ದಿನ, ಅತ್ತೆ."

ಅವರು ಬೈಯಲಿಲ್ಲ, ಅಳಲಿಲ್ಲ. ಹಾಸಿಗೆಯ ಅಂಚಿನಲ್ಲಿದ್ದ ನನ್ನ ಕೈಯನ್ನು ಮುಟ್ಟಿ, "ನೀ ಉಂಡ್ಯಾ?" ಎಂದು ಕೇಳಿದರು. ಇಲ್ಲ ಎಂದೆ. ಹೋಗಿ ಊಟ ಮಾಡು ಎಂದು ಕಳಿಸಿದರು.

ಮನೆಗೆ ಕರೆತಂದ ಮೇಲೆ ಸಾಗರದಿಂದ ಅಜಿತಣ್ಣ ಬಂದ. ಅವನು ನನ್ನ ದೊಡ್ಡಪ್ಪನ ಮಗ, ನಮ್ಮ ಮನೆತನದ ಚರಿತ್ರೆಯನ್ನು ಪುಸ್ತಕವಾಗಿ ಬರೆಯುತ್ತಿದ್ದ. ನಾನು ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ಅತ್ತೆಯ ಮಂಚದ ಬಳಿ ಕೂತು, ಗೊತ್ತಿಲ್ಲದೆ ಆದದ್ದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ, ಬೇಕಾದರೆ ಬಸದಿಯಿಂದ ಪುರೋಹಿತರನ್ನು ಕರೆಸುತ್ತೇನೆ, ಪ್ರಾಯಶ್ಚಿತ್ತ ಮಾಡಿಕೊಂಡು ಮತ್ತೆ ನಿಯಮ ತೆಗೆದುಕೊಳ್ಳಿ ಎಂದು ಸಮಾಧಾನ ಹೇಳಿದ.

"ಎಲ್ಲಿ ನಿಂತು ತಗೊಳ್ಲಿ ಅಜಿತಾ?" ಎಂದರು ಅತ್ತೆ. "ವಿಗ್ರಹ ಈಚೆ ಬಂತು. ನಾ ನಿಂತಿದ್ ಜಾಗ ಬರ್ಲಿಲ್ಲ."



ಅಜಿತಣ್ಣನ ಪುಸ್ತಕ ಈ ಬೇಸಿಗೆಯಲ್ಲಿ ಅಚ್ಚಾಯಿತು. ಅತ್ತೆಯ ಪುಟದಲ್ಲಿ 'ಕೊನೆಯ ಉಸಿರಿನವರೆಗೂ ರಾತ್ರಿ ಭೋಜನ ತ್ಯಾಗದ ವ್ರತವನ್ನು ಪಾಲಿಸಿದರು' ಎಂದಿದೆ. ಅಚ್ಚಿಗೆ ಹೋಗುವ ಮೊದಲೇ ನಾನು ಅದು ನಿಜವಲ್ಲ, ತೆಗೆ ಎಂದಿದ್ದೆ. ತಪ್ಪು ನಿನ್ನದು, ಅದನ್ನು ಅವರ ಪುಟದಲ್ಲಿ ಯಾಕೆ ಬರೆಯಬೇಕು ಎಂದು ಅವನು ಕೇಳಿದ. ಅವನ ಮಾತಿನಲ್ಲಿ ಪ್ರೀತಿ ಇತ್ತು. ಆದರೆ ಆ ವಾಕ್ಯವನ್ನು ಓದಿದಾಗಲೆಲ್ಲ ಅತ್ತೆಗೆ ನಾನು ಹತ್ತನೆಯ ಸಲ ಸುಳ್ಳು ಹೇಳಿದ ಹಾಗಾಗುತ್ತದೆ. ಅದಕ್ಕಾಗಿ ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ.

ಮನೆಗೆ ಬಂದ ಮೇಲೆ ಅವರು ಬದುಕಿದ್ದು ಹದಿನೆಂಟು ದಿನ. ಮೊದಲ ಸಂಜೆ ನಾಲ್ಕೂವರೆಗೇ ಅನ್ನ ಕಲಸಿ ತಂದು, ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದು, ಹೊತ್ತಿದೆ ಅತ್ತೆ, ನಿಜವಾಗಿಯೂ ಇದೆ ಎಂದೆ. "ಈಗ ಬೇಡ, ಆಮೇಲೆ ಕೊಡು," ಎಂದರು. ಆಮೇಲೆ ಎಂದರೆ ಯಾವಾಗ ಎಂದು ಕೇಳಿದೆ. "ನಿಮ್ಗೆಲ್ಲ ಅನುಕೂಲ ಆದಾಗ."

ಅಲ್ಲಿಂದ ಮುಂದೆ ಅವರು ಕೊಟ್ಟಾಗ ಉಂಡರು. ದೀಪ ಹಾಕಿದ ಮೇಲೆ, ನಾವೆಲ್ಲ ಉಣ್ಣುವಾಗ, ನಮ್ಮ ಜೊತೆಗೇ. ನೋಡಲು ಬಂದವರು, ಪರವಾಗಿಲ್ಲ, ಊಟ ಚೆನ್ನಾಗಿ ಸೇರುತ್ತಿದೆಯಲ್ಲ ಎಂದು ಹೇಳಿ ಹೋಗುತ್ತಿದ್ದರು. ಹೊತ್ತಿದೆಯಾ ಎಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ಬಂದೀತು ಎಂದು ನಾನು ಪ್ರತಿ ಸಂಜೆಯೂ ತುತ್ತು ಹಿಡಿದ ಕೈಯನ್ನು ತುಸು ತಡೆದು ಕಾಯುತ್ತಿದ್ದೆ. ಹದಿನೇಳನೆಯ ದಿನವೂ ಹಾಗೆಯೇ ಕಾದೆ. ಎಂಟು ಗಂಟೆ ಆಗಿತ್ತು. ಅತ್ತೆ ಕಣ್ಣು ಮುಚ್ಚಿ, ಮಗುವಿನ ಹಾಗೆ ಬಾಯಿ ತೆರೆದರು.