ಗಂಟಲಲ್ಲಿ ಕೂತ ಹೆದರಿಕೆ

ನಾನು ಹೆದರುಪುಕ್ಕಲ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ನಾಚಿಕೊಳ್ಳುವುದಕ್ಕೂ ಒಂದಿಷ್ಟು ಧೈರ್ಯ ಬೇಕು, ಅದೂ ನನ್ನಲ್ಲಿಲ್ಲ. ಹಲ್ಲಿಗೆ ಹೆದರುತ್ತೇನೆ, ಲಿಫ್ಟಿಗೆ ಹೆದರುತ್ತೇನೆ, ಮೇಲಧಿಕಾರಿ ನಕ್ಕರೆ ಅವರು ಬೈದಾಗಿನದಕ್ಕಿಂತ ಹೆಚ್ಚು ಹೆದರುತ್ತೇನೆ. ಹೆದರಿಕೆಯಾದಾಗ ಕೆಲವರು ಓಡುತ್ತಾರೆ, ಕೆಲವರು ದೇವರ ನಾಮ ಹೇಳುತ್ತಾರೆ, ನಾನು ಕಥೆ ಹೇಳುತ್ತೇನೆ. ಮಾತು ನನ್ನ ಕೊಡೆ. ಅದನ್ನು ಬಿಚ್ಚಿ ಹಿಡಿದರೆ ಒಳಗೆ ನಡುಗುತ್ತಿರುವವನು ಯಾರಿಗೂ ಕಾಣುವುದಿಲ್ಲ. ಹೀಗಿರುವಾಗ ಹೆದರಿಕೆ ಬಂದು ನೇರ ಗಂಟಲಲ್ಲೇ ಕೂತರೆ ಏನು ಗತಿ, ನೀವೇ ಯೋಚಿಸಿ.

ಆ ಬೇಸಿಗೆಯಲ್ಲಿ ನನ್ನ ದನಿ ಒರಟಾಯಿತು. ಆಗ ನಾವು ಹೈದರಾಬಾದಿನ ತಾರ್ನಾಕದಲ್ಲಿ ಬಾಡಿಗೆಗಿದ್ದೆವು. ನಾನು, ಹೆಂಡತಿ ವಿಮಲಾ, ಮತ್ತು ನನ್ನನ್ನು ಸಾಕಿದ ಸೋದರತ್ತೆ ಗೋದಾವರಿ. ನಾನು ಆಡುವ ಮಾತೆಲ್ಲ ಈ ಗೋದತ್ತೆಯ ಮಗ್ಗುಲಲ್ಲಿ ಕೂತು ಕಲಿತದ್ದು. ಸಚಿವಾಲಯದ ಕಚೇರಿಯಲ್ಲಿ ದಿನವೆಲ್ಲ ತೆಲುಗು ಆಡಿ, ಬಸ್ಸಿನಲ್ಲಿ ಹಿಂದಿ ಆಡಿ, ಹೊಸ್ತಿಲು ದಾಟುತ್ತಲೇ ನಾಲಿಗೆಯ ಚಪ್ಪಲಿ ಕಳಚಿ ಕನ್ನಡಕ್ಕೆ ಬರುತ್ತಿದ್ದೆ. ಒರಟು ದನಿಗೆ ಮೊದಲು ಮಾವಿನಹಣ್ಣನ್ನು ದೂರಿದೆ. ಹಣ್ಣಿನ ಕಾಲ ಮುಗಿದ ಮೇಲೆ ಧೂಳನ್ನು ದೂರಿದೆ. ಮಳೆ ಬಂದು ಧೂಳು ಅಡಗಿತು, ಆಗ ಮಳೆಯನ್ನೇ ದೂರಿದೆ.

"ಇನ್ನೇನು ಚಳಿಗಾಲ ಬಂತು, ಅದಕ್ಕೂ ಒಂದು ನೆಪ ತಯಾರ ಮಾಡಿ ಇಟ್ಟೀರೇನು?" ಎಂದಳು ವಿಮಲಾ.

ಆಕೆ ಆಗ ಮನೆಯಲ್ಲೇ ಓದಿ ಮನಶ್ಶಾಸ್ತ್ರದ ಎಂ.ಎ. ಪರೀಕ್ಷೆಗೆ ಕಟ್ಟಿದ್ದಳು. ಆ ವರ್ಷದ ವಿಷಯ ಸಾಮಾಜಿಕ ಮನಶ್ಶಾಸ್ತ್ರ: ನಾಲ್ಕು ಜನರ ನಡುವೆ ಇರುವಾಗ ಮನುಷ್ಯನ ತಲೆ ಹೇಗೆಲ್ಲ ಕೆಡುತ್ತದೆ ಎನ್ನುವುದರ ವಿದ್ಯೆ. ರೊಟ್ಟಿ ಬಡಿಯುತ್ತ ಪಾಠ ಒಪ್ಪಿಸುತ್ತಿದ್ದಳು, ನಾನು ಉಣ್ಣುತ್ತ ಕೇಳುತ್ತಿದ್ದೆ. ಹೀಗೆ ಆ ಶಾಸ್ತ್ರವೆಲ್ಲ ನನಗೆ ಪಲ್ಯದ ಜೊತೆ ಬಂದದ್ದು. ಮುಂದೆ ಏನಾದರೂ ತಪ್ಪು ಹೇಳಿದರೆ ಅದು ಒಗ್ಗರಣೆಯ ಸಪ್ಪಳದಲ್ಲಿ ಕೇಳಿಸದೆ ಹೋದದ್ದೆಂದು ತಿಳಿಯಿರಿ.

ನಿಜವಾದ ಸಂಗತಿ ಬೇರೆ ಇತ್ತು. ನಮ್ಮ ಕಚೇರಿಯಲ್ಲಿ ಒಬ್ಬರಿಗೆ ಹೀಗೇ ದನಿ ಒಡೆದು, ರಜೆ ಹಾಕಿ ಹೋದವರು ತಿರುಗಿ ಬಂದಿರಲಿಲ್ಲ. ಆ ರೋಗದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಗೋದತ್ತೆ "ಅದು" ಎಂದು ಮಾತ್ರ ಅನ್ನುತ್ತಿದ್ದಳು, ಅದೂ ಗೋಡೆಯ ಕಡೆ ಮುಖ ಮಾಡಿ. ಬೆಳಿಗ್ಗೆ ಎದ್ದು ಮೊದಲು "ರಾಮ" ಎನ್ನುವುದು ನನ್ನ ರೂಢಿ. ಆಗ ಭಕ್ತಿ ಉಳಿದಿರಲಿಲ್ಲ, ದನಿ ಹೇಗಿದೆ ಎಂಬ ಪರೀಕ್ಷೆ ಮಾತ್ರ ಇತ್ತು. ರಾಮ ಪ್ರತಿದಿನ ಗೊಗ್ಗರಾಗಿಯೇ ಬರುತ್ತಿದ್ದ.

ಹೊರಗೆ ಹೋದರೆ ಊರೆಲ್ಲ ನನ್ನ ಗಂಟಲನ್ನೇ ನೋಡುತ್ತಿದೆ ಅನಿಸುತ್ತಿತ್ತು. ಅದಕ್ಕೇ ಒಂದು ಉಣ್ಣೆಯ ಮಫ್ಲರ್ ಸುತ್ತಿಕೊಂಡೆ. ಹೈದರಾಬಾದಿನ ಸೆಕೆಯಲ್ಲಿ, ಡಬಲ್ ಡೆಕರ್ ಬಸ್ಸಿನ ಮೇಲಂತಸ್ತಿನಲ್ಲಿ, ಮಫ್ಲರ್! ಅಲ್ಲಿಯವರೆಗೆ ಯಾರೂ ನೋಡದಿದ್ದವರು ಆಮೇಲೆ ಎಲ್ಲರೂ ನೋಡತೊಡಗಿದರು. "ಕ್ಯಾ ಸಾಬ್, ಕಾಶ್ಮೀರ್ ಸೇ ಆರೇ ಕ್ಯಾ?" ಎಂದು ಕಂಡಕ್ಟರು ಕೇಳಿದ, ಕಾಶ್ಮೀರದಿಂದ ಬರುತ್ತಿದ್ದೀರೇನು ಎಂದು. ಮನೆಗೆ ಬಂದು ಹೇಳಿದರೆ ವಿಮಲಾ ಲಟ್ಟಣಿಗೆ ಎತ್ತಿ, "ಇದು ನಮ್ಮ ಪುಸ್ತಕದಾಗ ಐತ್ರೀ" ಎಂದಳು. ಮನುಷ್ಯ ತನ್ನನ್ನು ತಾನು ದೀಪದ ಕೆಳಗೆ ನಿಂತ ನಟ ಎಂದುಕೊಳ್ಳುತ್ತಾನಂತೆ. ಪ್ರೇಕ್ಷಕರು ಪಾಪ, ತಂತಮ್ಮ ಗಂಟಲಿನ ಚಿಂತೆಯಲ್ಲಿ ಕೂತಿರುತ್ತಾರಂತೆ.

ಡಾಕ್ಟರ ಬಳಿ ಹೋಗಬಾರದು ಎಂದು ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದೆ, ಇನ್ನು ಅದಕ್ಕೆ ಆಧಾರ ಕೂಡಿಸುವ ಕೆಲಸ. ಯಾರನ್ನು ಕೇಳಿದರೆ "ಬೇಡ" ಎನ್ನುತ್ತಾರೋ ಅವರನ್ನೇ ಹುಡುಕಿ ಹುಡುಕಿ ಕೇಳಿದೆ. ಬೇಗಂ ಬಜಾರಿನ ಕಿರಾಣಿ ಸೇಠ ಜೇಷ್ಠಮಧು, ದಾಲ್ಚಿನ್ನಿ ಪೊಟ್ಟಣ ಕಟ್ಟಿಕೊಟ್ಟು, ಗಂಟಲಿಗೆ ಕತ್ತರಿ ಹಾಕಿಸಿಕೊಂಡವರು ಯಾರೂ ಹಾಡಿದ್ದನ್ನು ತಾನು ಕೇಳಿಲ್ಲ ಎಂದ. ಮೊದಲೇ ಹಾಡುತ್ತಿದ್ದರೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಆಧಾರ ಸಡಿಲಾಗುತ್ತಿತ್ತು. ಬಜಾರಿನಿಂದ ಮನೆಯವರೆಗೂ ಆ ಮಾತನ್ನು ಪೊಟ್ಟಣಕ್ಕಿಂತ ಜೋಪಾನವಾಗಿ ತಂದೆ.

ಕೊನೆಗೆ ದೇವರನ್ನೂ ಸಾಕ್ಷಿಗೆ ಕರೆದೆ. ನಮ್ಮಲ್ಲಿ ಪ್ರಸಾದ ಕೇಳುವ ಪದ್ಧತಿ ಉಂಟು. ಹನುಮಪ್ಪನ ಪಟದ ಎರಡೂ ಬದಿಗೆ ಒಂದೊಂದು ಒದ್ದೆ ಹೂ ಅಂಟಿಸಿ, ಮನಸ್ಸಿನಲ್ಲಿ ಪ್ರಶ್ನೆ ಇಟ್ಟು ಕೂಡುವುದು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಶನಿವಾರ ಗೋದತ್ತೆ ಹೂ ಇಟ್ಟು, "ಡಾಕ್ಟರಿಗೆ ತೋರಸಲೇನು ಅಂತ ಕೇಳಪಾ" ಎಂದಳು. ನಾನು ಕಣ್ಣು ಮುಚ್ಚಿದೆ. ಹೂ ಬಿತ್ತು. ಬಲಕ್ಕೇ ಬಿತ್ತು.

"ಆತಲ್ಲ, ಅಪ್ಪಣಿ ಆತು" ಎಂದಳು ಅತ್ತೆ.

"ನಾ ಕೇಳಿದ್ದು ಬ್ಯಾರೇನ ಅತ್ತಿ. ಇನ್ನಷ್ಟು ದಿವಸ ತಡೀಲೇನು ಅಂತ ಕೇಳಿದೆ. ತಡಿ ಅಂತ ಹೇಳ್ಯಾನ."

ಅತ್ತೆ ಬಿದ್ದ ಹೂ ಎತ್ತಿ ಕಣ್ಣಿಗೊತ್ತಿಕೊಂಡಳು. "ಲೇ ರಾಘೂ, ಹನುಮಪ್ಪಗ ಸೈತ ಟೋಪಿ ಹಾಕ್ತೀಯಲ್ಲೋ! ಆಂವ ಸಮುದ್ರ ಹಾರಿದಂವ, ನೀ ತಾರ್ನಾಕದ ಮೋರಿ ಹಾರಲಿಕ್ಕೆ ಒಲ್ಲಿ."

ಅಡುಗೆಮನೆಯಿಂದ ವಿಮಲಾಳ ದನಿ ಬಂತು: "ಅದೂ ಪುಸ್ತಕದಾಗ ಐತಿ ಅತ್ತೀ."

ಆಕೆಯೂ ಸುಮ್ಮನಿರಲಿಲ್ಲ. ದೊಡ್ಡದನ್ನು ಒಪ್ಪಿಸಬೇಕಾದರೆ ಮೊದಲು ಸಣ್ಣದೊಂದನ್ನು ಒಪ್ಪಿಸಬೇಕು ಎನ್ನುವ ಪಾಠವನ್ನು ನನ್ನ ಮೇಲೆಯೇ ಪ್ರಯೋಗ ಮಾಡಿದಳು. "ಆಸ್ಪತ್ರಿ ಬ್ಯಾಡ್ರಿ. ಅದರ ಮುಂದಿನ ಅಂಗಡ್ಯಾಗ ಬಟ್ಟಿ ತೊಗೊಳ್ಳೋದೈತಿ, ಬರ್‍ರಿ" ಎಂದು ಹೊರಡಿಸಿದಳು. ಬಟ್ಟೆ ಕೊಂಡ ಮೇಲೆ, "ಎದುರಿಗೇ ಐತಲ್ಲ, ಬರೇ ಚೀಟಿ ಮಾಡಸೂಣು." ಚೀಟಿ ಮಾಡಿಸಿದ ಮೇಲೆ, "ಬರೇ ಬಾಯಿ ತಗದು ತೋರಸ್ರಿ." ಆ ಪಾಠವನ್ನು ನನ್ನೆದುರೇ ಒಪ್ಪಿಸಿದ್ದಳು, ನನಗೆ ಬಾಯಿಪಾಠವಾಗಿತ್ತು, ಆದರೂ ಹೋದೆ. ಬಲೆಯ ಹೆಸರು ಗೊತ್ತಿದ್ದ ಮಾತ್ರಕ್ಕೆ ಅದರಿಂದ ಪಾರಾಗುವುದಿಲ್ಲವೆಂದು ಆ ಮಧ್ಯಾಹ್ನ ತಿಳಿಯಿತು.

ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು ಗಂಟಲೊಳಗೆ ಬಹಳ ಹೊತ್ತು ಬಗ್ಗಿ ನೋಡಿದರು. ದನಿ ಹುಟ್ಟುವ ಎಳೆಯ ಮೇಲೆ ಒಂದು ಗಂಟು ಇದೆಯೆಂದೂ, ಅದನ್ನು ತೆಗೆದು ಪರೀಕ್ಷೆಗೆ ಕಳಿಸಬೇಕೆಂದೂ ಹೇಳಿದರು. "ಅದೇನಾದರೂ..." ಎಂದು ನಾನು ನಿಲ್ಲಿಸಿದೆ. ನಾನೂ ಗೋಡೆಯ ಕಡೆ ತಿರುಗಿದ್ದೆ. "ನಿಕಾಲ್ ಕೇ ದೇಖೇಂಗೇ" ಎಂದರು ಅವರು, ತೆಗೆದು ನೋಡೋಣ. ಅಂಗಡಿಯವನು "ನೋಡೋಣ" ಎಂದರೆ ಚೌಕಾಸಿಗೆ ಜಾಗವಿದೆ ಎಂದರ್ಥ. ಡಾಕ್ಟರು "ನೋಡೋಣ" ಎಂದಾಗ ಆ ಜಾಗವೂ ಇರಲಿಲ್ಲ. ದನಿ ಮೊದಲಿನಂತೆ ಆಗುತ್ತದೆಯೇ ಎಂದು ಕೇಳಿದೆ. ಮಾತು ಕೊಡಲಾರೆ ಎಂದರು. ಹೊರಗೆ ಬಂದು ವಿಮಲಾಗೆ, "ಆಪರೇಶನ್ ಮಾತು ಇನ್ನ ಎತ್ತಬ್ಯಾಡ" ಎಂದೆ. ಆಕೆ ಎತ್ತಲಿಲ್ಲ. ಅಂದಿನಿಂದ ರೊಟ್ಟಿ ಬಡಿಯುವಾಗ ಪಾಠ ಒಪ್ಪಿಸುವುದನ್ನೂ ಬಿಟ್ಟಳು. ಅದು ನನಗೆ ಇನ್ನೂ ಹೆಚ್ಚು ಹೆದರಿಕೆ ತಂದಿತು.

ತಾರ್ನಾಕದ ಸುತ್ತಮುತ್ತಲಿನ ನಾಲ್ಕಾರು ಕನ್ನಡದ ಮನೆಗಳವರು ಭಾನುವಾರ ಸೇರುತ್ತಿದ್ದೆವು. ಉಪ್ಪಿಟ್ಟು, ಚಹಾ, ಮತ್ತು ಯುಗಾದಿಗೆ ಆಡುವ ನಾಟಕದ ತಾಲೀಮು. ನಾಟಕದ ಯಜಮಾನರು ಕಾರ್ಖಾನೆಯೊಂದರಲ್ಲಿ ಇಂಜಿನಿಯರರಾಗಿದ್ದ ದೇಸಾಯರು. ಬಾಗಿಲೆತ್ತರದ ಮನುಷ್ಯ, ದುರ್ಯೋಧನನ ಪಾತ್ರ ಅವರಿಗೆ ಕಾಯಂ. ನನ್ನದು ಸೂತ್ರಧಾರ, ಮಾತಾಡುವವನಿಗೆ ಮಾತಿನ ಪಾತ್ರ. ಆ ಸಲ ದೇಸಾಯರು ಹೊಸ ಟೇಪ್ ರೆಕಾರ್ಡರ್ ತಂದು ತಾಲೀಮು ನಡೆದಷ್ಟು ಹೊತ್ತೂ ಹಚ್ಚಿಟ್ಟಿದ್ದರು. ತಾಲೀಮು ಮುಗಿದು ಎಲ್ಲರೂ ತಟ್ಟೆ ಹಿಡಿದು ಕೂತಾಗ ಗುಂಡಿ ಒತ್ತಿದರು.

ಯಾರೋ ಮಾತಾಡತೊಡಗಿದ. ಉಸುಕಿನ ಮೇಲೆ ತಗಡು ಎಳೆದಂಥ ದನಿ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಉಸಿರು ಮಾತ್ರ ಉಳಿಯುತ್ತಿತ್ತು.

"ಇದ್ಯಾರ್‍ರೀ ಮುದುಕ?" ಎಂದು ನಕ್ಕೆ.

ದೇಸಾಯರು ಉಪ್ಪಿಟ್ಟಿನಲ್ಲಿ ಕರಿಬೇವು ಹುಡುಕತೊಡಗಿದರು. ಅವರ ಹೆಂಡತಿ ಚಹಾ ತರಲು ಎದ್ದರು, ಚಹಾ ಮುಂದೆಯೇ ಇತ್ತು. ಟೇಪಿನೊಳಗಿನವನು ನನ್ನ ಮಾತುಗಳನ್ನೇ ಒಂದೊಂದಾಗಿ ಹೇಳುತ್ತ ಹೋದ.

ನಮ್ಮ ದನಿ ನಮಗೆ ತಲೆಯ ಎಲುಬಿನೊಳಗಿಂದ ಕೇಳುತ್ತದಂತೆ, ಬೇರೆಯವರಿಗೆ ಗಾಳಿಯಲ್ಲಿ. ಹಾಗಾಗಿ ಊರಿಗೆಲ್ಲ ಗೊತ್ತಿರುವ ನಮ್ಮ ದನಿ ನಮಗೊಬ್ಬರಿಗೇ ಗೊತ್ತಿರುವುದಿಲ್ಲ. ದನಿಯಷ್ಟೇ ಏಕೆ, ಸ್ವಭಾವವೂ ಹಾಗೇ ಇದ್ದೀತು. ಕನ್ನಡಿ ಇಟ್ಟ ಕೋಣೆಯಲ್ಲಿ ಮನುಷ್ಯ ಸುಳ್ಳು ಹೇಳಲು ಸ್ವಲ್ಪ ಹಿಂಜರಿಯುತ್ತಾನೆ ಎಂದು ವಿಮಲಾ ಎಂದೋ ಓದಿದ್ದಳು. ಅಂದು ನನ್ನ ಮುಂದೆ ದನಿಯ ಕನ್ನಡಿ ಇಟ್ಟಂತಾಯಿತು. ಬೇಗಂ ಬಜಾರಿನ ಸೇಠನ ಮಾತು, ಹನುಮಪ್ಪನಿಗೆ ತಿರುಚಿ ಕೇಳಿದ ಪ್ರಶ್ನೆ, ಯಾವುದೂ ಆ ದನಿಯ ಎದುರಿಗೆ ನಿಲ್ಲಲಿಲ್ಲ.

"ನಿಮಗೆಲ್ಲಾ ಮೊದಲs ಗೊತ್ತಿತ್ತೇನು?" ಎಂದು ಕೇಳಿದೆ.

"ಉಳಿದವರು ಹೇಳ್ಯಾರಂತ ತಿಳಕೊಂಡಿದ್ದೆ ರಾಘಣ್ಣ" ಎಂದರು ದೇಸಾಯರು. ಅವರ ಹೆಂಡತಿಯೂ ಹಾಗೇ ತಿಳಿದಿದ್ದರು. ಎಲ್ಲರೂ ಹಾಗೇ ತಿಳಿದಿದ್ದರು. ನಾನು ತಟ್ಟೆ ಕೆಳಗಿಟ್ಟು ವಿಮಲಾಳ ಕಡೆ ತಿರುಗಿ, "ನಾಳೆ ಹೋಗೂಣು" ಎಂದೆ. ಆಕೆ ತಲೆ ಆಡಿಸಿದಳು. ಗೆದ್ದ ಕಳೆ ಆಕೆಯ ಮುಖದಲ್ಲಿ ಇರಲಿಲ್ಲ.

ಆಪರೇಶನ್ನಿನ ಬಗ್ಗೆ ಹೇಳಲು ನನ್ನ ಬಳಿ ಏನೂ ಇಲ್ಲ. ಮೂಗಿಗೆ ಏನೋ ಹಿಡಿದರು, ಎಚ್ಚರಾದಾಗ ಗಂಟಲಲ್ಲಿ ಬೆಂಕಿಯಿತ್ತು. ಗಂಟನ್ನು ಪರೀಕ್ಷೆಗೆ ಕಳಿಸಿದರು. ವರದಿ ಬಂದು ತಾವು ಹೇಳುವವರೆಗೆ ಒಂದು ಮಾತೂ ಆಡಕೂಡದು, ಪಿಸುಗುಟ್ಟಕೂಡದು, ಕೆಮ್ಮಲೂ ಬಾರದು ಎಂದರು ಡಾಕ್ಟರು. ಹೆದರಿಕೆ ಇರುವುದು ಎದೆಯ ತುಂಬ, ಮುಚ್ಚಿಕೊಳ್ಳಲು ಕೊಡೆಯಿಲ್ಲ. ಮನೆಗೆ ಬಂದು ಕಿಟಕಿಯ ಬಳಿ ಕೂತೆ.

ಜನ ಮಾತಾಡಿಸಲು ಬಂದರು. ಬಂದವರಿಗೆ ಒಂದು ತೊಂದರೆ: ಎದುರಿಗೆ ಕೂತವನು ಉತ್ತರ ಕೊಡುವುದಿಲ್ಲ. ಹವೆಯ ಮಾತು ಮುಗಿಯುತ್ತದೆ, ಕಚೇರಿಯ ಮಾತು ಮುಗಿಯುತ್ತದೆ, ಆಮೇಲೆ ಒಳಗಿನದೇ ಹೊರಬರುತ್ತದೆ. ದೇಸಾಯರು ಕುರ್ಚಿ ಹತ್ತಿರ ಎಳೆದುಕೊಂಡು, "ರಂಗದ ಮ್ಯಾಲೆ ಬರೂಮುಂದ ಪ್ರತಿ ಸಲಾನೂ ನನ್ನ ಕಾಲು ನಡಗತಾವ್ರಿ. ಗದಾ ಹಿಡಿಯೋದು ಊರಕೋಲು ಅಂತ. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ" ಎಂದರು. ನನ್ನ ಅವಸ್ಥೆ ನೆನಪಾಗಿ ತಾವೇ ನಕ್ಕರು. ಗೋದತ್ತೆ ನನ್ನ ಹಾಸಿಗೆಯ ತುದಿಗೆ ಕೂತು, "ನಾ ಈ ಊರಿನ ದವಾಖಾನ್ಯಾಗ ಸಾಯಬಾರದು ನೋಡೋ. ಕಡೀ ಗಳಿಗ್ಯಾಗ ನೀರು ಬೇಡಿದೆ ಅಂತ ತಿಳಿ, ಆ ನರ್ಸಬಾಯಿಗೆ ನನ್ನ ಕನ್ನಡ ಹೆಂಗ ತಿಳೀಬೇಕು?" ಎಂದಳು. ಇಷ್ಟು ವರ್ಷ ಈ ಊರಿನಲ್ಲಿದ್ದೂ ತೆಲುಗು ಕಲಿಯಲಾರೆ ಎಂದು ಜಂಬದಿಂದ ಹೇಳುತ್ತಿದ್ದವಳ ಒಳಗೆ ಇದು ಕೂತಿತ್ತು. ಊರಿಗೆಲ್ಲ ನಾನೊಬ್ಬನೇ ಪುಕ್ಕಲ ಎಂದುಕೊಂಡಿದ್ದೆ. ಪ್ರತಿಯೊಬ್ಬರೂ ತಮ್ಮ ಬಗ್ಗೆ ಹಾಗೇ ಅಂದುಕೊಂಡು, ಎದುರಿಗಿದ್ದವನ ಧೈರ್ಯ ನೋಡಿ ಬಾಯಿ ಮುಚ್ಚಿಕೊಂಡಿರುತ್ತಾರೆ.

ವರದಿ ಬರುವ ದಿನ ವಿಮಲಾ ನನ್ನೆದುರು ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ತಲೆ ಎತ್ತದೆ, "ನಮ್ಮ ಅಪ್ಪಗೂ ಹಿಂಗs ದನಿ ಬಿದ್ದಿತ್ತು" ಎಂದಳು.

ಮಾವನವರು ಆಕೆ ಸಣ್ಣವಳಿದ್ದಾಗ ತೀರಿಕೊಂಡರೆಂದು ಗೊತ್ತಿತ್ತು. ಹೇಗೆ ಎಂದು ಗೊತ್ತಿರಲಿಲ್ಲ. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಕಥೆ ಹೇಳುವವನು ನಾನು.

"ತೋರಸ್ರಿ ತೋರಸ್ರಿ ಅಂತ ಅವ್ವ ಭಾಳ ಹೇಳಿದಳು. ಅಪ್ಪ ನಗಸ್ತಿದ್ದ, ನಿಮ್ಮಂಗs. ನಾ ಪುಸ್ತಕದ್ದು ಹೇಳ್ತಿದ್ದೆನಲ್ರೀ ನಿಮಗ, ಹೆದರಿಕಿ ಆದಾಗೆಲ್ಲಾ ಹೇಳ್ತಿದ್ದೆ. ನೀವು ನನಗ ಭಾಳ ಶಾಣ್ಯಾಕಿ ಅಂತಿದ್ರಿ." ಒಂದು ಕಡ್ಡಿ ಎತ್ತಿ ಬದಿಗಿಟ್ಟಳು. "ಕಡೀಗೆ ಅಪ್ಪಗ ಮಾತು ಪೂರಾ ನಿಂತಿತು. ಅವತ್ತು ಮುಂಜಾನೆ ನನ್ನ ಹತ್ತಿರ ಕರದು..."

ಬಾಗಿಲಲ್ಲಿ ದೇಸಾಯರು. ಕಾರ್ಖಾನೆಯಿಂದ ನೇರ ಆಸ್ಪತ್ರೆಗೆ ಹೋಗಿ ವರದಿ ತಂದಿದ್ದರು. ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ, "ಏನೂ ಇಲ್ಲ! ಬರೇ ಮಾತಿನ ಗಂಟಂತ! ಹೆಚ್ಚಿಗಿ ಮಾತಾಡವ್ರಿಗೆ ಬರತೈತಂತ! ಮಾತಾಡ್ರಿ ಅಂದಾರ, ಮೆಲ್ಲಕ ಮಾತಾಡ್ರಿ ಅಂದಾರ!" ಎಂದು ಕೂಗಿದರು. ಗೋದತ್ತೆ ದೇವರ ಕೋಣೆಗೆ ಓಡಿದಳು. ದೇಸಾಯರೂ ಆಕೆಯ ಹಿಂದೆಯೇ ಹೋದರು.

ವಿಮಲಾ ಸೆರಗಿನಿಂದ ಮುಖ ಒರೆಸಿಕೊಂಡಳು. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಏಳುತ್ತ, "ನಂದು ಇರಲಿ ಬಿಡ್ರಿ. ಇಷ್ಟು ದಿವಸ ಬಾಯಿ ಕಟ್ಟಿ ಕೂತೀರಿ. ಇನ್ನ ನೀವು ಮಾತಾಡ್ರಿ" ಎಂದಳು.

ಆಕೆಯ ಸೆರಗು ಹಿಡಿದು ಕೂಡಿಸಿದೆ. ಹೊಸ ದನಿ ಹೇಗೆ ಬರುತ್ತದೋ ಎಂಬ ಹೆದರಿಕೆ ಇದ್ದೇ ಇತ್ತು. ಮೆಲ್ಲಗೆ, ಒಂದೇ ಮಾತು ಆಡಿದೆ.

"ಮುಂದ?"