ಅವ್ವನ ರೊಟ್ಟಿ ಪಾಸು ಮಾಡಿಸಿದ ಪರೀಕ್ಷೆ

ಇದು 2008ರ ಮಾತು. ಮೆಲ್ಬರ್ನ್‌ನಲ್ಲಿ ನನ್ನ ಓದು ಮುಗಿದಿತ್ತು, ಆದರೆ ಪಿಆರ್, ಅಂದರೆ ಪರ್ಮನೆಂಟ್ ರೆಸಿಡೆನ್ಸಿ, ಸಿಕ್ಕಿರಲಿಲ್ಲ. ಅದು ಸಿಗುವ ಮುಂಚೆ ಊರಿಗೆ ಹೋದರೆ ವೀಸಾಕ್ಕೆ ತೊಡಕಾದೀತು ಎಂದು ಎಲ್ಲರೂ ಹೆದರಿಸಿದ್ದರು. ಹಾಗಾಗಿ ಮೂರು ವರ್ಷದಿಂದ ಹುಬ್ಬಳ್ಳಿಯ ಮುಖ ನೋಡಿರಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಅವ್ವ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಪರೀಕ್ಷಾ ಎಂದ ಮುಗೀತದವಾ?" ನನ್ನದೂ ಒಂದೇ ಉತ್ತರ: "ಪಾಸಾದ ಕೂಡ್ಲೆ ಬರ್ತೇನಿ, ಅವ್ವಾ."

ಆ ಪರೀಕ್ಷೆ ಎಂದರೆ ಪಿಆರ್‌ಗೆ ಬೇಕಾದ ಇಂಗ್ಲಿಷ್ ಪರೀಕ್ಷೆ. ಎಲ್ಲ ವಿಭಾಗದಲ್ಲೂ ಒಂಬತ್ತಕ್ಕೆ ಏಳು ಬರಬೇಕು. ಬರವಣಿಗೆಯಲ್ಲಿ ನಾನು ಎರಡು ಸಲವೂ ಆರೂವರೆಗೇ ನಿಂತುಬಿಟ್ಟಿದ್ದೆ. ಬೆಳಗಿನಿಂದ ಸಂಜೆಯವರೆಗೆ ಕಾಲ್ ಸೆಂಟರಿನಲ್ಲಿ ಇಂಗ್ಲಿಷಿನಲ್ಲೇ ಗಂಟಲು ಹರಿದುಕೊಳ್ಳುವವಳಿಗೆ ನಿನ್ನ ಇಂಗ್ಲಿಷ್ ಸಾಲದು ಎಂದರೆ ಮೈ ಉರಿಯದೇ ಇರುತ್ತದೆಯೇ? ಅದನ್ನು ನೆನೆದರೆ ನನಗೆ ಈಗಲೂ ಉರಿಯುತ್ತದೆ.

ನಮ್ಮ ಸಬರ್ಬಿನ ಲೈಬ್ರರಿಯಲ್ಲಿ ಜಾಯ್ಸ್ ಎಂಬ ನಿವೃತ್ತ ಟೀಚರ್ ಶನಿವಾರ ಪುಕ್ಕಟೆಯಾಗಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಹೆಸರು ಹಿಡಿದೇ ಕರೆ ಎಂದು ಅವರು ಎಷ್ಟು ಹೇಳಿದರೂ ನನ್ನ ನಾಲಿಗೆ ಹೊರಳದೆ 'ಜಾಯ್ಸ್ ಆಂಟಿ' ಎನ್ನುತ್ತಿದ್ದೆ. ನಾನು ಎಡವುತ್ತಿದ್ದದ್ದು ಚಿತ್ರ ನೋಡಿ ಬರೆಯುವ ಪ್ರಶ್ನೆಯಲ್ಲಿ. ಇಟ್ಟಿಗೆಯೋ ಗಾಜೋ ಹೇಗೆ ತಯಾರಾಗುತ್ತದೆ ಎಂದು ಬರೆಯಬೇಕು. ನನ್ನ ಪ್ರತಿ ವಾಕ್ಯದಲ್ಲೂ 'ದೆ', ಅಂದರೆ 'ಅವರು', ಇರುತ್ತಿತ್ತು. ದೆ ಪುಟ್, ದೆ ಹೀಟ್.

"ಯಾರಮ್ಮ ಈ 'ದೆ'?" ಎಂದು ಆಂಟಿ ನಕ್ಕರು. ಯಾರು ಮಾಡಿದರು ಎಂಬುದು ಬೇಡವಂತೆ. ನಮ್ಮ ಸರಕಾರಿ ಪ್ರಕಟಣೆಗಳ ಹಾಗೆ 'ಒಣಗಿಸಲಾಗುತ್ತದೆ', 'ಕಾಯಿಸಲಾಗುತ್ತದೆ' ಎನ್ನಬೇಕಂತೆ. ಜೊತೆಗೆ 'ಟೆನ್-ಮಿನಿಟ್ ಡ್ರೈಯಿಂಗ್ ಪೀರಿಯಡ್', 'ಟೂ-ಮೀಟರ್ ಸ್ಟೀಲ್ ಪೈಪ್' ಎಂದು ಅಂಕಿಯನ್ನೂ ನಾಮಪದಗಳನ್ನೂ ಒಂದರ ಹಿಂದೊಂದು ಪೋಣಿಸಬೇಕಂತೆ. ಎಲ್ಲ ತಲೆಗೆ ಹೋಗುತ್ತಿತ್ತು, ಕೈಗೆ ಬರುತ್ತಿರಲಿಲ್ಲ.

"ಇಟ್ಟಿಗೆ ಬಿಡು. ನಿನಗೆ ಚೆನ್ನಾಗಿ ಗೊತ್ತಿರುವುದು ಏನಿದೆ?" ಎಂದರು ಆಂಟಿ.

ಜೋಳದ ರೊಟ್ಟಿ ಎಂದೆ. ಹುಬ್ಬಳ್ಳಿಯವಳು ಇನ್ನೇನು ಹೇಳಲಿ? ಹಿಟ್ಟಿಗೆ ನೀರೆಷ್ಟು, ಬಡಿಯಲು ಎಷ್ಟು ಹೊತ್ತು, ದಪ್ಪ ಎಷ್ಟು ಎಂದು ಅವರು ಒಂದೊಂದಾಗಿ ಕೇಳಿದರು. ತಿಂದದ್ದೇ ಹೆಚ್ಚು, ಮಾಡಿದ್ದು ಕಡಿಮೆ ಎಂದೆ. "ಹಾಗಾದರೆ ಗೊತ್ತಿರುವವರನ್ನು ಕೇಳೋಣ. ಮುಂದಿನ ಶನಿವಾರ ನಮ್ಮ ಮನೆಗೆ ಬಾ" ಎಂದರು.

ಟಾರ್ನೀಟ್‌ನ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ಹೊತ್ತುಕೊಂಡು ಹೋದೆ. ನಮಗೆ ಮಧ್ಯಾಹ್ನ, ಹುಬ್ಬಳ್ಳಿಯಲ್ಲಿ ಅವ್ವ ರೊಟ್ಟಿ ಮಾಡುವ ಬೆಳಗಿನ ಹೊತ್ತು. ಆಂಟಿಯ ಅಡುಗೆಮನೆಯ ಮೇಜಿನ ಮೇಲೆ ಮೊಬೈಲ್ ಇಟ್ಟು, ಸ್ಪೀಕರ್ ಹಾಕಿ ಮನೆಗೆ ಫೋನ್ ಮಾಡಿದೆ.

"ಅವ್ವಾ, ಒಂದ ರೊಟ್ಟಿ ಬಡ್ಯಾಕ ಎಷ್ಟ ಹೊತ್ತ ಹಿಡೀತದ?"

"ಯಾಕವಾ, ಯಾರರ ಕೇಳ್ಯಾರೇನ?"

"ಪರೀಕ್ಷಾಕ್ಕ ಬೇಕು."

"ರೊಟ್ಟಿ ಪರೀಕ್ಷಾದಾಗ ಬರ್ತದ? ಹಂಗಾರ ನಾನೂ ಕಟ್ಟಬಹುದಿತ್ತಲ್ಲ" ಎಂದು ಅವ್ವ ನಕ್ಕಳು. ಆಮೇಲೆ, "ನನಗ ಅದೆಲ್ಲಾ ಹೇಳಾಕ ಬರಂಗಿಲ್ಲ. ಫೋನ್ ಒಲಿ ಬಾಜೂಕ ಇಡ್ತೇನಿ. ನೀನ ಎಣಿಸ್ಕೋ" ಎಂದಳು.

ಆಂಟಿ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡರು. ಫೋನಿನಿಂದ ಮೊದಲು ಬಳೆ ಸದ್ದು ಬಂತು, ಆಮೇಲೆ ರೊಟ್ಟಿ ಬಡಿಯುವ ಸದ್ದು. ಟಪ್ ಟಪ್ ಎಂದು ನಿಧಾನವಾಗಿ ಶುರುವಾಗಿ ರೊಟ್ಟಿ ಅಗಲವಾದಂತೆ ಬಿರುಸಾಯಿತು. ಮೂರು ವರ್ಷ ಅವ್ವನ ದನಿ ಕೇಳಿದ್ದೆ, ಅವ್ವನ ಕೈ ಕೇಳಿರಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದ ಚುರ್ ಎಂಬ ಸದ್ದಿಗೆ ನನಗೆ ತಡೆಯಲಾಗಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಈಗಲೇ ಎದ್ದು ಆ ಒಲೆಯ ಮುಂದೆ ಹೋಗಿ ಕೂರಬೇಕು ಅನಿಸಿತು. ಅವ್ವನಿಗೆ ಇದೇನೂ ತಿಳಿಯದು. ಒಂದು ಮುಗಿಸಿ ಇನ್ನೊಂದು ಬಡಿಯುತ್ತಲೇ ಇದ್ದಳು.

ಆಂಟಿ ನನ್ನ ಬೆನ್ನ ಮೇಲೆ ಕೈಯಿಟ್ಟು ಕೂತರು. ಫೋನ್ ಕಟ್ಟಾದ ಮೇಲೆ ಪೆನ್ನು ಕೊಟ್ಟು "ಈಗ ಬರಿ" ಎಂದರು. ಬರೆದೆ. ಟೂ-ಮಿನಿಟ್ ಬಡಿತ, ಟೆನ್-ಇಂಚ್ ಹಂಚು ಎಲ್ಲ ತಾವಾಗಿ ಬಂದು ಕೂತವು. ಓದಿ, ಇಷ್ಟು ಸಾಕು ಎಂದರು ಆಂಟಿ.

ಮೆಲ್ಬರ್ನ್‌ನಲ್ಲಿ ಪರೀಕ್ಷೆಯ ಸೀಟೆಲ್ಲ ತುಂಬಿದ್ದರಿಂದ ಸಿಡ್ನಿಯಲ್ಲಿ ಬುಕ್ ಮಾಡಿ, ಬಸ್ಸಿನಲ್ಲಿ ಹೋಗಿ ಬರೆದೆ. ಚಿತ್ರದಲ್ಲಿದ್ದದ್ದು ಕಾಗದದ ಕಾರ್ಖಾನೆ. ನನಗೆ ಕಂಡದ್ದು ನಮ್ಮ ಮನೆಯ ಒಲೆ. ಈ ಸಲ ಏಳು ಬಂತು. ಮರುವರ್ಷ ಪಿಆರ್ ಕೈಗೆ ಬಂದ ದಿನ ಕೂಗಿಕೊಂಡೇ ಅವ್ವನಿಗೆ ಫೋನ್ ಮಾಡಿದೆ.

"ಅವ್ವಾ, ಪಿಆರ್ ಬಂತು. ಮುಂದಿನ ತಿಂಗಳ ಬರ್ತೇನಿ, ನಾಕ ವಾರ ಇರ್ತೇನಿ."

"ನಾಕ ವಾರ? ಪೂರಾ ಬರಂಗಿಲ್ಲೇನ?"

"ಇಲ್ಲವ್ವಾ. ಪಿಆರ್ ಅಂದ್ರ ಇಲ್ಲೇ ಕಾಯಂ ಇರಾಕ ಬಿಡ್ತಾರ."

"ಪರೀಕ್ಷಾ ಪಾಸಾದ್ರ ಮನಿಗೆ ಬರ್ತಿ ಅಂತ ತಿಳ್ಕೊಂಡಿದ್ದೆ ನಾ" ಎಂದಳು ಅವ್ವ. ಮರುಕ್ಷಣ ತಾನೇ ಸಾವರಿಸಿಕೊಂಡು, "ಇರ್ಲಿ ಬಿಡವಾ. ನಾಕ ವಾರಾನ ಬಾ" ಎಂದಳು.

ಹೋದೆ, ನಾಲ್ಕು ವಾರ ಇದ್ದೆ, ಬಂದೆ. ಈಗ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಸ್ವಂತ ಮನೆಯಿದೆ. ಹೊಸದಾಗಿ ಬಂದ ಹುಡುಗಿಯರು ಪರೀಕ್ಷೆ ಪಾಸಾದದ್ದು ಹೇಗೆ ಎಂದು ಕೇಳಿದರೆ ನಮ್ಮವ್ವ ಪಾಸು ಮಾಡಿಸಿದಳು ಎಂದು ಈ ಕತೆ ಹೇಳುತ್ತೇನೆ. ಎಲ್ಲರೂ ನಗುತ್ತಾರೆ. ಅವತ್ತು ಅವ್ವ ರೊಟ್ಟಿಯ ಮೇಲೆ ರೊಟ್ಟಿ ಬಡಿದದ್ದು ನನ್ನನ್ನು ಮನೆಗೆ ಕರೆಸಿಕೊಳ್ಳಲು ಎಂಬುದನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಲು ಆಗಿಲ್ಲ.