ಮೇಲ್ಮನೆ ಆಂಟಿಯ ಓಪನಿಂಗ್

ಮೊನ್ನೆ ಬನಶಂಕರಿ ಬಸ್ಸಿನಲ್ಲಿ ಪಕ್ಕದ ಹೆಂಗಸು ನೀಲಗಿರಿ ಎಣ್ಣೆಯ ಸೀಸೆ ತೆರೆದು ಮಣಿಕಟ್ಟಿಗೆ ಹಚ್ಚಿಕೊಂಡರು. ಆ ವಾಸನೆಗೆ ಪದ್ಮನಾಭನಗರದ ಮೇಲ್ಮನೆ ಆಂಟಿ ನೆನಪಾದರು...

ನಮ್ಮ ಮನೆಯ ಮೇಲೆ ಬಾಡಿಗೆಗಿದ್ದರು, ಒಬ್ಬರೇ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿದು ಬಂದು, ನೋಯುವ ಕೈಗೆ ಆ ಎಣ್ಣೆ ತಿಕ್ಕಿಕೊಂಡು ಚೆಸ್ ಬೋರ್ಡ್ ಹಾಸುತ್ತಿದ್ದರು. ನನಗೆ ಕಾಯಿ ನಡೆಸಲು ಕಲಿಸಿದ್ದೇ ಅವರು. ಆಟ ಶುರುಮಾಡಲು ಅವರದು ಒಂದೇ ಓಪನಿಂಗ್, ಕಿಂಗ್ಸ್ ಗ್ಯಾಂಬಿಟ್. ಎರಡನೇ ನಡೆಗೇ ಒಬ್ಬ ಸೈನಿಕನನ್ನು ಎದುರಾಳಿಯ ಬಾಯಿಗೆ ಕೊಟ್ಟು, ಆಮೇಲೆ ಮೈಮೇಲೆ ಬೀಳುವುದು. “ಕೊಟ್ರೆ ತಗೊಳ್ದೆ ಇರ್ತಾರಾ? ತಗೊಂಡ್ಮೇಲೆ ನೋಡು ಮಜಾ,” ಎಂದು ನಗುತ್ತಿದ್ದರು.

ನನಗೆ ಹದಿನೈದಾದಾಗ ಜಿಲ್ಲಾ ಮಹಿಳಾ ತಂಡದ ಆಯ್ಕೆಗೆ ಇಬ್ಬರೂ ಹೋದೆವು. ತಂಡದಲ್ಲಿ ಇನ್ನೊಂದೇ ಜಾಗ ಉಳಿದಿತ್ತು, ಕೊನೆಯ ಸುತ್ತಿನಲ್ಲಿ ನಾವಿಬ್ಬರೇ ಎದುರುಬದುರು. ಅಂಕದಲ್ಲಿ ಅವರು ಅರ್ಧ ಮುಂದಿದ್ದರು, ಡ್ರಾ ಆದರೆ ಜಾಗ ಅವರಿಗೆ; ನಾನು ಗೆಲ್ಲಲೇಬೇಕಿತ್ತು.

ಬಿಳಿ ಕಾಯಿ ಅವರದು. ಎಂದಿನಂತೆ ಸೈನಿಕನನ್ನು ಮುಂದಿಟ್ಟರು. ನಾನು ಮುಟ್ಟಲಿಲ್ಲ. ಮಂತ್ರಿಯ ಮುಂದಿನ ಸೈನಿಕನನ್ನು ಎರಡು ಮನೆ ತಳ್ಳಿದೆ. ಎರಡು ತಿಂಗಳಿಂದ ಅವರಿಗೆ ಹೇಳದೆ ಒಂದು ಕೋಚಿಂಗ್‌ಗೆ ಹೋಗುತ್ತಿದ್ದೆ. ಅವರ ಓಪನಿಂಗ್ ಮುರಿಯುವುದು ಹೇಗೆಂದೇ ಅಲ್ಲಿಯ ಸರ್ ಹತ್ತಿರ ಕೇಳಿ ಕಲಿತಿದ್ದೆ.

ಆಂಟಿ ತಲೆಯೆತ್ತಿ ನನ್ನನ್ನೇ ನೋಡಿದರು, ತುಂಬಾ ಹೊತ್ತು. ಬೋರ್ಡಿನ ಪಕ್ಕ ಅವರ ಪಾಲಿನ ಗಡಿಯಾರ ಓಡುತ್ತಲೇ ಇತ್ತು... ಮೂವತ್ತನೇ ನಡೆಯ ಹೊತ್ತಿಗೆ ಅವರ ರಾಜನಿಗೆ ಹೋಗಲು ಮನೆಯಿರಲಿಲ್ಲ. ಕೈ ಕುಲುಕಿದರು.

ಬಸ್ಸಿನಲ್ಲಿ ವಾಪಸು ಬರುವಾಗ, “ನಂಗೂ ಹೇಳ್ಕೊಡೇ ಅದನ್ನ, ಎಷ್ಟ್ ಚೆನ್ನಾಗಿದೆ!” ಎಂದರು. ದನಿಯಲ್ಲಿ ಕೋಪವಿರಲಿಲ್ಲ.

“ಪರೀಕ್ಷೆ ಮುಗೀಲಿ ಆಂಟಿ,” ಎಂದೆ.

ಪರೀಕ್ಷೆ ಮುಗಿಯಿತು. ಗೇಟಿನ ಹತ್ತಿರ ಸಿಕ್ಕಾಗ ಮತ್ತೆರಡು ಸಲ ಕೇಳಿದರು. ಕದ್ದು ಕಲಿತದ್ದನ್ನು ಅವರೆದುರೇ ಹರಡಿಕೊಂಡು ಕೂರಲು ನನಗೆ ನಾಚಿಕೆ. ಏನೇನೋ ನೆಪ ಹೇಳಿದೆ. ಆಮೇಲೆ ಅವರೂ ಕೇಳುವುದನ್ನು ಬಿಟ್ಟರು. ಆ ಮಳೆಗಾಲದಲ್ಲಿ ಅವರಿಗೆ ಜಾಂಡೀಸ್ ಆಗಿ, ಅವರ ತಮ್ಮ ಬಂದು ಮಂಡ್ಯಕ್ಕೆ ಕರೆದುಕೊಂಡು ಹೋದ. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಮೇಲಿನ ಬಾಗಿಲಿಗೆ ಬೀಗ ಬಿದ್ದಿತ್ತು. ತಿಂಗಳೊಳಗೆ ಅಮ್ಮನಿಗೆ ಫೋನ್ ಬಂತು, ಹೋಗಿಬಿಟ್ಟರಂತೆ...

ಹದಿನಾಲ್ಕು ವರ್ಷವಾಯಿತು. ಅವತ್ತು ಗೆದ್ದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ; ಆಟವೆಂದರೆ ಆಟವೇ. ಆದರೆ ಅವರು ಕೇಳಿದ್ದು ಬರೀ ಅರ್ಧ ಗಂಟೆ. ಹದಿನೆಂಟು ಮೆಟ್ಟಿಲು ಹತ್ತಿದ್ದರೆ ಸಾಕಿತ್ತು, ನಾನು ಹತ್ತಲಿಲ್ಲ.